ಕಹಿ ಹಂಡೆಯಲ್ಲೇ ಉಳಿಯಿತು

ಜುಲೈ 24, 2025, ಗುರುವಾರ
ಆಟಿ ಅಮಾವಾಸ್ಯೆ. ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲ. ಮಧ್ಯಾಹ್ನ ಮೂರು ಗಂಟೆ, ಬಿಡದ ಮಳೆ.

ಆಟಿ ಅಮಾವಾಸ್ಯೆಯ ರೂಢಿಯಂತೆ ಬೆಳಿಗ್ಗೆ ಕುಡಿದ, ಪಾಲೆ ಮರದ ತೊಗಟೆಯ ಕಷಾಯದ ಕಹಿ ಊಟ ಮುಗಿದ ಮೇಲೂ ನಾಲಿಗೆಯ ಬುಡ ಬಿಟ್ಟಿಲ್ಲ. ನಿನ್ನೆ ರಾತ್ರಿ ಕುಡಿದ ಅಬ್ಸಿಂತ್‌ನ ರುಚಿ ಮಾತ್ರ ಹಲ್ಲುಜ್ಜುವ ಮೊದಲೇ ಮಾಯವಾಗಿತ್ತು. ಯೂರೋಪಿನ ಸರಕಾರಗಳನ್ನೇ ನಡುಗಿಸಿದ ಮದ್ಯವೆಂದು ಹೆದರಿ ಹೆದರಿ ಬಾಯಿಗಿಟ್ಟದ್ದು ಸೋಂಪಿನ ಶರಬತ್ತಿನ ಹಾಗೆ ಇಳಿಯಿತು. ಐದು ವರ್ಷದವನಿದ್ದಾಗಿನಿಂದ ಕುಡಿಯುತ್ತ ಬಂದ ಕಷಾಯ ಅರುವತ್ತು ದಾಟಿದ ಮೇಲೂ ಮುಖ ಹಿಂಡಿಸಿತು. ಈ ಲೆಕ್ಕ ಬಗೆಹರಿಯದೆ ಮಧ್ಯಾಹ್ನದ ನಿದ್ದೆಯೂ ಬರಲಿಲ್ಲ.

ಹಳೆಯ ವಿದ್ಯಾರ್ಥಿಗಳು ಓದಿದರೆ ಓದಲಿ. ಮಕ್ಕಳಿಗೆ ಕನ್ನಡದಲ್ಲಿ ರಸಾಯನಶಾಸ್ತ್ರ ಹೇಳಿಕೊಟ್ಟವನು ಮುಪ್ಪಿನಲ್ಲಿ ಬಾಟಲಿ ಹಿಡಿದ ಎಂದು ಆಡಿಕೊಂಡರೂ ಅಡ್ಡಿಯಿಲ್ಲ. ಭಟ್ಟಿ ಇಳಿಸುವ ಪಾಠವನ್ನೂ ಅವರಿಗೆ ಮಾಡಿದವನು ನಾನೇ.

ಅಕ್ಕನ ಮಗ ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್‌ನಲ್ಲಿ ಕೆಲಸದಲ್ಲಿದ್ದಾನೆ. ಮೊನ್ನೆ ಬಂದವನು ಸ್ವೆಟರುಗಳ ನಡುವಿನಿಂದ ಒಂದೊಂದೇ ತೆಗೆದು ಚಾವಡಿಯ ಮೇಜಿನ ಮೇಲಿಟ್ಟ: ಅರ್ಧ ಲೀಟರ್ ಅಬ್ಸಿಂತ್, ಹಸಿರು ಷಾರ್ತ್ರೂಸ್‌ನ ಒಂದು ಅರೆ ಬಾಟಲಿ, ಕಂದು ಕಾಗದದಲ್ಲಿ ಸುತ್ತಿದ ಬೆರಳುದ್ದದ ಐದು ಉಂಡರ್‌ಬೆರ್ಗ್ ಬಾಟಲಿಗಳು. ಕಸ್ಟಮ್ಸಿನ ಎರಡು ಲೀಟರ್ ಮಿತಿಯ ಅರ್ಧವೂ ಆಗಲಿಲ್ಲ ಎಂದು ಅವನಿಗೇ ಬೇಸರ. ನಮ್ಮ ಕಡೆಯ ಸರಕಾರಿ ಮದ್ಯದಂಗಡಿ ಬೆವ್ಕೋದ ಸಾಲಿನಲ್ಲಿ ನಿಂತು ಇವುಗಳ ಹೆಸರು ಹೇಳಿದರೆ ಹಿಂದಿನವರು ತಳ್ಳಿ ಮುಂದೆ ಹೋದಾರು.

ಅಬ್ಸಿಂತ್ ಹಸಿರು ಎಂದು ಓದಿದ್ದೆ. ಇದು ನೀರಿನಷ್ಟು ತಿಳಿ. ಮೋಸ ಹೋದೆಯೇನೋ ಎಂದು ಕೇಳಿದೆ. ಕುಡಿಯುವ ಮೊದಲು ಕಥೆ ಹೇಳುತ್ತೇನೆ ಎಂದ. ಅವನ ಊರಿಗೆ ಹತ್ತಿರವೇ ವಾಲ್ ದ ತ್ರಾವೆರ್ ಎಂಬ ಕಣಿವೆ ಇದೆ. ಅಬ್ಸಿಂತ್ ಹುಟ್ಟಿದ್ದು ಹದಿನೆಂಟನೆಯ ಶತಮಾನದ ಕೊನೆಗೆ ಅಲ್ಲಿ. ಮೊದಲು ಅದು ಹೊಟ್ಟೆಯ ಮದ್ದು. 1805ರಲ್ಲಿ ಪೆರ್ನೊ ಎಂಬವನು ಗಡಿ ದಾಟಿ ಫ್ರಾನ್ಸಿನ ಪೊಂತಾರ್ಲಿಯೆಯಲ್ಲಿ ಕಾರ್ಖಾನೆ ಹಾಕಿದ ಮೇಲೆ ಮದ್ದು ಮದ್ಯವಾಯಿತು. ಅಲ್ಜೀರಿಯಾಕ್ಕೆ ಹೋದ ಫ್ರೆಂಚ್ ಸೈನಿಕರಿಗೆ ಜ್ವರ ತಗಲದಿರಲೆಂದು ಇದನ್ನು ಕೊಡುತ್ತಿದ್ದರು. ಅವರು ರುಚಿಯನ್ನು ಊರಿಗೆ ಹೊತ್ತು ತಂದರು. ಆ ಮೇಲೆ ದ್ರಾಕ್ಷಿ ಬಳ್ಳಿಗೆ ರೋಗ ಬಿದ್ದು ವೈನ್ ತುಟ್ಟಿಯಾದಾಗ ಬಡವರೂ ಇದಕ್ಕೇ ಬಂದರು. 1905ರ ಆಗಸ್ಟಿನಲ್ಲಿ ಒಬ್ಬ ಸ್ವಿಸ್ ಕೂಲಿಯಾಳು ಗರ್ಭಿಣಿ ಹೆಂಡತಿಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಗುಂಡಿಕ್ಕಿ ಕೊಂದ. ಅಂದು ಅವನ ಹೊಟ್ಟೆಯಲ್ಲಿ ವೈನ್ ಇತ್ತು, ಬ್ರಾಂದಿ ಇತ್ತು, ಇನ್ನೂ ಏನೇನೋ ಇತ್ತು. ಎರಡು ಲೋಟ ಅಬ್ಸಿಂತ್ ಕೂಡ ಇತ್ತು. ಜನರ ಸಿಟ್ಟು ಮಾತ್ರ ಆ ಎರಡು ಲೋಟದ ಮೇಲೆ ತಿರುಗಿತು. 1908ರಲ್ಲಿ ಜನಮತ, 1910ರಲ್ಲಿ ನಿಷೇಧ, 1915ರಲ್ಲಿ ಫ್ರಾನ್ಸಿನಲ್ಲೂ ಅದೇ. ವೈನಿನ ವ್ಯಾಪಾರಿಗಳಿಗೆ ಬೇಸರವೇನೂ ಆಗಿರಲಾರದು.

ಕಣಿವೆಯ ಮನೆಗಳಲ್ಲಿ ಹಂಡೆ ಆರಲಿಲ್ಲ. ಕದ್ದು ಇಳಿಸುವವರು ಬಣ್ಣ ಹಾಕುವುದನ್ನು ಬಿಟ್ಟರು. ತಿಳಿಯಾಗಿದ್ದರೆ ಯಾವ ಸಾರಾಯಿ ಎಂದು ಕಣ್ಣಿಗೆ ಗೊತ್ತಾಗುವುದಿಲ್ಲವಲ್ಲ. ಅದಕ್ಕೆ ‘ಬ್ಲೂ’, ಅಂದರೆ ನೀಲಿ, ಎಂಬ ಅಡ್ಡಹೆಸರು ಬಿತ್ತು. 2005ರ ಮಾರ್ಚ್ 1ಕ್ಕೆ ನಿಷೇಧ ತೆಗೆದರು. ಅಲ್ಲಿನ ಮೊತಿಯೆ ಎಂಬ ಊರಿನಲ್ಲಿ, ಹಿಂದೆ ಕಳ್ಳಭಟ್ಟಿಯವರನ್ನು ವಿಚಾರಣೆಗೆ ನಿಲ್ಲಿಸುತ್ತಿದ್ದ ಕಟ್ಟಡದಲ್ಲೇ ಈಗ ಅಬ್ಸಿಂತ್ ವಸ್ತುಸಂಗ್ರಹಾಲಯ ಇದೆಯಂತೆ. ತಮ್ಮ ಇದನ್ನು ಕೇಳಿ ಬಿದ್ದು ಬಿದ್ದು ನಕ್ಕ. ಕೇರಳದಲ್ಲಿ ಸಾರಾಯಿ ನಿಂತದ್ದು 1996ರ ಏಪ್ರಿಲ್ 1ಕ್ಕೆ. ಆದರೆ ಗೇರುಹಣ್ಣು ಬೀಳುವ ತಿಂಗಳಲ್ಲಿ ಗುಡ್ಡದ ಆಚೆಯಿಂದ ಬರುತ್ತಿದ್ದ ಆ ಗಮ್ಮೆನ್ನುವ ವಾಸನೆಗೆ ಯಾರೂ ತಾರೀಕು ಹೇಳಿರಲಿಲ್ಲ.

ಎಂಟೂವರೆಗೆ ಕರೆಂಟು ಹೋಯಿತು. ಮೊಬೈಲಿನ ಬೆಳಕಿನಲ್ಲೇ ಶುರು ಮಾಡಿದೆವು. ಇದಕ್ಕೆ ತೂತಿನ ಚಮಚ ಬೇಕು, ಅದರ ಮೇಲೆ ಸಕ್ಕರೆಯ ಅಚ್ಚು ಬೇಕು, ಸಕ್ಕರೆಯ ಮೇಲೆ ತಣ್ಣೀರು ತೊಟ್ಟಿಕ್ಕಬೇಕು ಎಂದು ನಾನು ಓದಿಕೊಂಡಿದ್ದೆ. ಚಹಾ ಸೋಸುವ ಜಾಲರಿಯಲ್ಲಿ ಕಲ್ಲುಸಕ್ಕರೆಯ ಒಂದು ಹರಳಿಟ್ಟು, ಕಾಲು ತೊಳೆಯುವ ಹಿತ್ತಾಳೆಯ ಗಿಂಡಿಯನ್ನು ಉಜ್ಜಿ ತಂದೆ. ದೇವರ ಕೋಣೆಯದನ್ನು ಮುಟ್ಟುವಷ್ಟು ಧೈರ್ಯ ಇನ್ನೂ ಬಂದಿಲ್ಲ. ತಮ್ಮನಿಗೆ ಬೆಂಕಿಯ ಆಸೆ. ಸಕ್ಕರೆಗೆ ಬೆಂಕಿ ಹಚ್ಚುವುದನ್ನು ವೀಡಿಯೋದಲ್ಲಿ ನೋಡಿದ್ದನಂತೆ. ಅದು 1990ರ ದಶಕದಲ್ಲಿ ಚೆಕ್ ದೇಶದ ಬಾರುಗಳಲ್ಲಿ ಹುಟ್ಟಿದ ಆಟ ಎಂದು ಹುಡುಗ ತಣ್ಣೀರೆರಚಿದ. ಗಿಂಡಿಯ ಮೂತಿಯಿಂದ ಹನಿ ಹನಿಯಾಗಿ ಬಿಟ್ಟು ನನ್ನ ಕೈ ಸೋತಿತು. ಕಲ್ಲುಸಕ್ಕರೆ ಒಂದಿಷ್ಟೂ ಕರಗಲಿಲ್ಲ. ಆಗ ಅವನು ಮೆಲ್ಲನೆ ಹೇಳಿದ: “ನಮ್ಮ ಕಣಿವೆಯವರು ಸಕ್ಕರೆ ಹಾಕುವುದಿಲ್ಲ, ಮಾವ.”

ಆದರೆ ಲೋಟದೊಳಗೆ ಆಗುತ್ತಿದ್ದದ್ದನ್ನು ನೋಡಿ ಬೈಯಲು ಮರೆತೆ. ಮೊದಲ ಹನಿಗಳು ಬಿದ್ದಲ್ಲಿ ಎಣ್ಣೆಯಂತಹ ಎಳೆಗಳು ಸುರುಳಿ ಸುತ್ತಿ ಕೆಳಗಿಳಿದವು. ಹನಿ ಹೆಚ್ಚಿದಂತೆ ಎಳೆಗಳು ದಪ್ಪವಾಗಿ, ಒಂದು ಹಂತದಲ್ಲಿ ಇಡೀ ಲೋಟ ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾಯಿತು. ಮೊಬೈಲನ್ನು ಹಿಂದೆ ಹಿಡಿದರೆ ಅಂಚಿನಲ್ಲಿ ನೀಲಿಯ ಛಾಯೆ. ಸೋಂಪಿನ ಎಣ್ಣೆಯಲ್ಲಿರುವ ಅನೆಥೋಲ್ ಮದ್ಯಸಾರದಲ್ಲಿ ಕರಗುತ್ತದೆ, ನೀರಿನಲ್ಲಿ ಕರಗುವುದಿಲ್ಲ. ನೀರು ಹೆಚ್ಚಿದಾಗ ಅದು ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಬೇರ್ಪಟ್ಟು ಬೆಳಕನ್ನು ಚದುರಿಸುತ್ತದೆ. ಹತ್ತನೆಯ ತರಗತಿಯಲ್ಲಿ ಇದನ್ನೊಮ್ಮೆ ತೋರಿಸಿದ್ದರೆ ಕಲಿಲಗಳ ಪಾಠ ಯಾರಿಗೂ ಮರೆಯುತ್ತಿರಲಿಲ್ಲ. ನನ್ನ ಕೆಲಸವೂ ಉಳಿಯುತ್ತಿರಲಿಲ್ಲ.

ಬಾಟಲಿಯ ಮೇಲೆ ಶೇಕಡಾ 53 ಎಂದಿತ್ತು. 30 ಮಿಲಿಲೀಟರಿಗೆ 120 ನೀರು. ಲೆಕ್ಕ ಹಾಕಿದರೆ ಶೇಕಡಾ ಹತ್ತೂವರೆ, ವೈನಿಗಿಂತ ತುಸು ಕಡಿಮೆ. ಕಹಿಗೆ ಸಿದ್ಧನಾಗಿ, ಉಸಿರು ಬಿಗಿಹಿಡಿದು ಗುಟುಕರಿಸಿದೆ. ಸೋಂಪು. ಹಿಂದಿನಿಂದ ಏನೋ ಸೊಪ್ಪಿನ ಕಂಪು. ಚೌತಿಯ ದಿನ ಗಣಪತಿಗೆ ಏರಿಸುವ ಮಾಚಿಪತ್ರೆಯನ್ನು ಬೆರಳಲ್ಲಿ ಹೊಸಕಿದರೆ ಬರುತ್ತದಲ್ಲ, ಅದರ ದೂರದ ಬಂಧು. ಬಂಧುವೇ ಹೌದು: ಅಬ್ಸಿಂತ್‌ಗೆ ಹೆಸರು ಕೊಟ್ಟ ಗಿಡ, ನಮ್ಮ ಮಾಚಿಪತ್ರೆ, ಮುಡಿಗೆ ಕಟ್ಟುವ ದವನ ಮೂರೂ ಆರ್ಟಿಮಿಸಿಯಾ ಕುಲದವು. ಆ ಗಿಡದ ಕಹಿಯಾದರೋ ಗಾದೆಗೆ ಏರಿದ್ದು. ಹಾಗಾದರೆ ಲೋಟದಲ್ಲಿ ಕಹಿ ಎಲ್ಲಿ?

ಉತ್ತರ ಹೊಳೆದದ್ದು ರಾತ್ರಿ ಮಲಗಿದ ಮೇಲೆ, ಗೇರುಹಣ್ಣಿನ ನೆನಪಿನಿಂದ. ಹಣ್ಣು ತಿಂದರೆ ಗಂಟಲು ಕೆರೆಯುವಷ್ಟು ಒಗರು. ಅದರ ಸಾರಾಯಿಯಲ್ಲಿ ಒಗರಿಲ್ಲ, ವಾಸನೆ ಮಾತ್ರ. ಹಂಡೆಯಿಂದ ಆವಿಯಾಗಿ ಏರಬಲ್ಲದ್ದು ಮಾತ್ರ ಆಚೆ ಬರುತ್ತದೆ. ಅಬ್ಸಿಂತಿನ್ ಎಂಬ ಕಹಿಯ ಅಣು ದೊಡ್ಡದು, ಏರಲಾರದು; ಸೊಪ್ಪಿನ ಜೊತೆ ತಳದಲ್ಲೇ ಉಳಿಯುತ್ತದೆ. ಏರಿ ಬರುವುದು ಸೋಂಪಿನ ಎಣ್ಣೆ, ಜೊತೆಗೆ ಥುಜೋನ್. ಹುಚ್ಚು ಹಿಡಿಸುತ್ತದೆಂಬ ಅಪವಾದ ಹೊತ್ತದ್ದು ಈ ಥುಜೋನ್. ಹೆಚ್ಚಾದರೆ ಅಪಸ್ಮಾರದಂತಹ ಸೆಳೆತ ತರುವುದು ನಿಜ. ಆದರೆ ನಿಷೇಧಕ್ಕೆ ಮುಂಚಿನ 13 ಹಳೆಯ ಬಾಟಲಿಗಳನ್ನು ತೆರೆದು ಅಳೆದು 2008ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಅದು ಸಿಕ್ಕಿದ್ದು ಲೀಟರಿಗೆ ಸರಾಸರಿ 25 ಮಿಲಿಗ್ರಾಂ. ಭ್ರಮೆ ಹುಟ್ಟಿಸುವ ಪ್ರಮಾಣವಲ್ಲ ಅದು. ಕುಡುಕರ ಕೈ ನಡುಗಿಸಿದ್ದು ಎಲ್ಲ ಮದ್ಯದಲ್ಲೂ ಇರುವ ಮದ್ಯಸಾರವೇ.

ಷಾರ್ತ್ರೂಸ್ ಬಗ್ಗೆ ಹೆಚ್ಚು ಬರೆಯಲಾರೆ. ಫ್ರಾನ್ಸಿನ ಸನ್ಯಾಸಿಗಳು 130 ಬಗೆಯ ಗಿಡಮೂಲಿಕೆ ಹಾಕಿ ಮಾಡುವುದು, ಶೇಕಡಾ 55, ಪೂರ್ತಿ ಪಾಕ ತಿಳಿದವರು ಬೆರಳೆಣಿಕೆಯಷ್ಟು. ನನಗೆ ಅದು ಕೆಮ್ಮಿನ ಲೇಹ್ಯವನ್ನು ಕಾಯಿಸಿ ಕುಡಿದಂತಿತ್ತು. ತಮ್ಮ ಎರಡು ಸಲ ಹಾಕಿಸಿಕೊಂಡ. ಸಿಹಿ ಇದ್ದರೆ ಅವನಿಗೆ ಏನೂ ನಡೆಯುತ್ತದೆ. ಉಂಡರ್‌ಬೆರ್ಗ್ ಮಾತ್ರ ಮರ್ಯಾದಸ್ಥ. 1846ರಿಂದ ಜರ್ಮನಿಯಲ್ಲಿ ಮಾಡುತ್ತಿರುವುದು, 20 ಮಿಲಿಲೀಟರ್, ಊಟವಾದ ಮೇಲೆ ಒಂದೇ ಗುಟುಕಿಗೆ. ಸೊಪ್ಪು ಬೇರುಗಳ ಸಾರವನ್ನು ಭಟ್ಟಿ ಇಳಿಸದೆ ಬಾಟಲಿಗೆ ತುಂಬುವುದರಿಂದ ಕಹಿ ಕಹಿಯಾಗಿಯೇ ಬರುತ್ತದೆ.

ಬೆಳಗಿನ ಜಾವ ನಾಲ್ಕೂವರೆಗೆ ತಮ್ಮ ಎದ್ದು ಹೋದ. ನಿನ್ನೆ ಸಂಜೆಯೇ ಪಾಲೆಯ ಮರಕ್ಕೆ ನೂಲು ಕಟ್ಟಿ, ಬುಡದಲ್ಲಿ ಬಿಳಿಕಲ್ಲು ಇಟ್ಟು ಬಂದಿದ್ದ. ಶಾಸ್ತ್ರವೆಂದು ಮಾಡುತ್ತೇವೆ, ಕತ್ತಲಲ್ಲಿ ಕೈ ತಪ್ಪಿ ಕಾಸರಕನೆಂಬ ವಿಷದ ಮರದ ತೊಗಟೆ ಕೆತ್ತಿ ತಂದರೆ ಮನೆಮಂದಿಗೆಲ್ಲ ಅಪಾಯ, ಆ ಭಯವೂ ಇದರ ಹಿಂದಿದೆ ಎಂದು ನನ್ನ ಅಂದಾಜು. ಕಬ್ಬಿಣ ಮುಟ್ಟಿಸದೆ ಕಲ್ಲಿನಿಂದಲೇ ಜಜ್ಜಿ ತೊಗಟೆ ತೆಗೆಯಬೇಕು. ಗೊಂಚಲಿಗೆ ಏಳೇಳು ಎಲೆ ಬಿಡುವ ಈ ಮರದ ಹಲಗೆಯಿಂದ ಹಿಂದೆ ಶಾಲೆಯ ಬರೆಯುವ ಹಲಗೆ ಮಾಡುತ್ತಿದ್ದರು. ಸಸ್ಯಶಾಸ್ತ್ರದ ಹೆಸರಿನಲ್ಲಿ ‘ಸ್ಕೊಲಾರಿಸ್’ ಇರುವುದು ಅದಕ್ಕೇ. ಏಳು ಭಾಷೆಯ ಜಿಲ್ಲೆಗೆ ಒಪ್ಪುವ ಮರ. ಪಕ್ಕದ ಮಲಯಾಳಿ ಮನೆಯವರು ಅದರ ಕೆಳಗೆ ರಾತ್ರಿ ಹಾಯುವುದಿಲ್ಲ. ಅವರ ಪಾಲೆಯಲ್ಲಿ ಯಕ್ಷಿ ಇದ್ದಾಳೆ. ಫ್ರೆಂಚರೂ ಅಬ್ಸಿಂತ್ ಅನ್ನು ಹಸಿರು ಯಕ್ಷಿ ಎಂದೇ ಕರೆದರು ಎಂದು ಹುಡುಗ ಹೇಳಿದಾಗ ತಮ್ಮ, “ನಮ್ಮವಳು ಕಹಿ, ಅವರವಳು ಸಿಹಿ” ಎಂದ. ಅವನಿಗೆ ಷಾರ್ತ್ರೂಸ್ ಇನ್ನೂ ಇಳಿದಿರಲಿಲ್ಲ.

ಅಮ್ಮ ತೊಗಟೆಗೆ ಬೆಳ್ಳುಳ್ಳಿ, ಕರಿಮೆಣಸು, ಓಮ ಸೇರಿಸಿ ಅರೆದು ಕುದಿಸಿದರು. ಇಲ್ಲಿ ಏರಿ ಹೋಗುವುದು ವಾಸನೆ, ಪಾತ್ರೆಯಲ್ಲಿ ಉಳಿಯುವುದೇ ಕಹಿ. ನಮಗೆ ಕುಡಿಸುವುದೂ ಅದನ್ನೇ. ಖಾಲಿ ಹೊಟ್ಟೆಗೆ ಅರ್ಧ ಲೋಟ. ಸ್ವಿಟ್ಜರ್ಲೆಂಡಿನಿಂದ ಬಂದವನು ಒಂದು ಗುಟುಕಿಗೆ ಅಂಗಳಕ್ಕೆ ಓಡಿದ. ಮಳೆಯಲ್ಲಿ ಬಾಯಿ ತೆರೆದು ನಿಂತಿದ್ದವನನ್ನು ಅಮ್ಮ ಮೆಂತೆ ಗಂಜಿಯ ಆಸೆ ತೋರಿಸಿ ಒಳಗೆ ಕರೆದರು.

ಮಧ್ಯಾಹ್ನ ಊಟ ಮುಗಿಸಿ ಅಮ್ಮ ಮೇಜಿನ ಮೇಲೆ ಉಳಿದಿದ್ದ, ಕಾಗದ ಸುತ್ತಿದ ಎರಡು ಉಂಡರ್‌ಬೆರ್ಗ್ ಬಾಟಲಿಗಳಲ್ಲಿ ಒಂದನ್ನು ಎತ್ತಿ ಮೂಸಿದರು. ಜೀರ್ಣಕ್ಕೆ ಎಂದೆ. ಶೇಕಡಾ 44 ಮದ್ಯಸಾರ ಇದೆ ಎಂದೂ ಹೇಳಿದೆ. “ನನ್ನ ದಶಮೂಲಾರಿಷ್ಟದಲ್ಲಿ ಇಲ್ಲವೇ?” ಎಂದವರೇ ಮುಚ್ಚಳ ತಿರುಗಿಸಿ ಒಂದೇ ಗುಟುಕಿಗೆ ಮುಗಿಸಿದರು. ಎಂಬತ್ತನಾಲ್ಕು ವರ್ಷ. ತುಟಿ ಒರೆಸಿಕೊಂಡು, “ಪಾಲೆಯಷ್ಟಿಲ್ಲ” ಎಂದರು. ಖಾಲಿ ಬಾಟಲಿ ಈಗ ಒಲೆಯ ಹತ್ತಿರ ಬೋರಲು ಒಣಗುತ್ತಿದೆ, ಯಾವುದೋ ಎಣ್ಣೆ ತುಂಬಿಡಲು ಇರಬೇಕು. ಉಳಿದ ಇನ್ನೊಂದು ಯಾರದ್ದು ಎಂದು ಇಷ್ಟರಲ್ಲೇ ಎರಡು ಸಲ ಕೇಳಿಯಾಯಿತು.