ಒಂದು ಖೋಖಾ ಕಡಿಮೆ ಬಿದ್ದ ದಿನ

ದಾವಣಗೆರೆಯ ಒಂದು ಮೆಕ್ಕೆಜೋಳದ ಗೋದಾಮಿನಲ್ಲಿ ಲೆಕ್ಕ ನೋಡಿಕೊಳ್ಳೋದು ನನ್ನ ಕೆಲಸ. ವರ್ಷಕ್ಕೆ ಎರಡು ತಿಂಗಳು ಮಾತ್ರ ಸಮವಸ್ತ್ರ. ಬೇರೆ ಕೆಲಸದಲ್ಲಿರುವವರ ಅರೆಕಾಲಿಕ ಸೈನ್ಯವಾದ ಟೆರಿಟೋರಿಯಲ್ ಆರ್ಮಿಯಲ್ಲಿ ನಾನು ನಾಯಕ್. ಶಿಬಿರ ಮುಗಿಸಿ ಬಂದವರಿಗೆ ಮಾಲೀಕರು ಮತ್ತೆ ಕೆಲಸ ಕೊಡಬೇಕು ಅಂತ 1948ರ ಟೆರಿಟೋರಿಯಲ್ ಆರ್ಮಿ ಕಾಯ್ದೆಯಲ್ಲೇ ಇದೆ.

ನಮ್ಮ ಕಡೆ ನಾಯಕ ಅಂದ ಕೂಡಲೇ ದುರ್ಗದ ಪಾಳೆಗಾರರು ನೆನಪಾಗುತ್ತಾರೆ, ಅಲ್ವಾ? ಇದು ಬೇರೆ, ಸೈನ್ಯದ ಒಂದು ದರ್ಜೆ. ತೋಳಿನ ಮೇಲೆ ಲ್ಯಾನ್ಸ್ ನಾಯಕ್‌ಗೆ ಒಂದು ಪಟ್ಟಿ, ನಾಯಕ್‌ಗೆ ಎರಡು, ಹವಾಲ್ದಾರ್‌ಗೆ ಮೂರು.

ಎರಡನೇ ಪಟ್ಟಿ ಬಂದಾಗ ಆರ್ಡರ್ ಕೊಡೋದೇ ಕೆಲಸ ಅಂದುಕೊಂಡಿದ್ದೆ. ನನ್ನ ಸೆಕ್ಷನ್‌ನಲ್ಲಿ, ಅಂದರೆ ಚಿಕ್ಕ ತುಕಡಿಯಲ್ಲಿ, 10 ಜನ. ಒಬ್ಬ ಬಸ್ ಓಡಿಸುತ್ತಾನೆ, ಒಬ್ಬ ಅಡಿಕೆ ತೋಟ ನೋಡಿಕೊಳ್ಳುತ್ತಾನೆ. ಹತ್ತು ತಿಂಗಳು ರೈಫಲ್ ಮುಟ್ಟದ ಕೈಗಳು ಮರೆತಿರುತ್ತವೆ. ಯಾರ ಕಾಲಲ್ಲಿ ಬೊಬ್ಬೆ ಎದ್ದಿದೆ, ಯಾರು ರೈಫಲ್ ಸರಿಯಾಗಿ ಒರೆಸಿಲ್ಲ, ಯಾರು ಮನೆ ಚಿಂತೆಯಲ್ಲಿ ಊಟ ಬಿಟ್ಟಿದ್ದಾನೆ, ಎಲ್ಲ ನಾನೇ ನೋಡಬೇಕು. ಪೂರ್ತಿ ಕಾಲದ ಸೈನ್ಯಕ್ಕಿಂತ ನಮ್ಮಲ್ಲಿ ಈ ಕೆಲಸ ಜಾಸ್ತಿ ಅಂತ ನನಗನಿಸುತ್ತದೆ.

ಹೋದ ಶಿಬಿರದಲ್ಲಿ ಫೈರಿಂಗ್ ಇತ್ತು. ತಲಾ 10 ಗುಂಡು, ಒಟ್ಟು 100. ಗುಂಡು ಹಾರಿದ ಮೇಲೆ ಉಳಿಯುವ ಖಾಲಿ ಕೇಸ್‌ಗೆ ಖೋಖಾ ಅಂತೀವಿ. ಅಷ್ಟನ್ನೂ ಎಣಿಸಿ ವಾಪಸ್ ಕೊಡಬೇಕು. ಹುಡುಗರು "ನೂರಿದೆ ಸರ್" ಅಂದರು. ನಾನು ಸಹಿ ಹಾಕಿದೆ. ಕಂಪನಿ ಹವಾಲ್ದಾರ್ ಮೇಜರ್ ನನ್ನೆದುರೇ ಎಣಿಸಿದರು. 99.

ಅವರು ಬೈಯಲಿಲ್ಲ. ಸುಮ್ನೆ ನನ್ನ ಸಹಿಯ ಮೇಲೆ ಬೆರಳಿಟ್ಟರು. ಬೈದಿದ್ದರೆ ಎಷ್ಟೋ ವಾಸಿ ಇತ್ತು. ಇಡೀ ಸೆಕ್ಷನ್ ಮಂಡಿಯೂರಿ ಹುಲ್ಲು ತಡಕಾಡಿತು. ಕತ್ತಲಾಯಿತು, ಟಾರ್ಚ್ ಬಂತು. ಊಟ ತಣ್ಣಗಾಯಿತು. ತಪ್ಪು ನನ್ನದು, ಮಂಡಿ ತರಚಿದ್ದು ಅವರದು. ಯಾರೂ ಒಂದು ಮಾತಾಡಲಿಲ್ಲ. ಕೊನೆಗೆ ನೆಲಕ್ಕೆ ಹಾಸಿ ಮಡಚಿಟ್ಟಿದ್ದ ಗ್ರೌಂಡ್ ಶೀಟ್ ಕೊಡವಿದಾಗ ಖೋಖಾ ಟಣ್ ಅಂತ ಕಲ್ಲಿನ ಮೇಲೆ ಬಿತ್ತು. ಆ ಸದ್ದು ಇನ್ನೂ ಕಿವಿಯಲ್ಲಿದೆ.

ಊರಿಗೆ ಬಂದ ಮರುದಿನವೇ ಗೋದಾಮಿಗೆ ಲೋಡ್ ಬಂತು. ಹಮಾಲರು "160 ಚೀಲ ಅಣ್ಣಾ, ಸಹಿ ಹಾಕಿ" ಅಂದರು. ಪೆನ್ ಜೇಬಿನಲ್ಲೇ ಬಿಟ್ಟು ಒಂದೊಂದೇ ಚೀಲ ಮುಟ್ಟಿ ಎಣಿಸಿದೆ. 160 ಇತ್ತು. ಸಹಿ ಹಾಕಿದೆ.