ಕಣಿಕೆ ಮಣ್ಣಿಗೋ, ಎತ್ತಿಗೋ? ಒಂದೆಕರೆ ಎರೆಹೊಲದ ಎರಡನೇ ವರ್ಷ

ಮೊನ್ನೆ ಕಡಲೆ ಒಕ್ಕಣೆ ಮುಗಿಯಿತು. ಎರಡನೇ ವರ್ಷದ ಲೆಕ್ಕ ಬರೆಯಲು ಈಗ ಪುರುಸೊತ್ತು ಸಿಕ್ಕಿದೆ.

ಹೊಸದಾಗಿ ಓದುವವರಿಗೆ ಎರಡು ಮಾತು. ನಮ್ಮದು ಸಾಂಗ್ಲಿ ಜಿಲ್ಲೆ, ಜತ್ತ ತಾಲೂಕು, ಸಂಖದ ಕಡೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಸಂತೆಯಲ್ಲಿ ಎರಡೂ. 5 ಎಕರೆ ಎರೆಭೂಮಿ ಇದೆ, ಬಾವಿ ಇಲ್ಲ. ಒಂದು ಜೋಡಿ ಖಿಲಾರಿ ಎತ್ತು, ಒಂದು ಎಮ್ಮೆ, 4 ಮಾಡಗ್ಯಾಳ ಕುರಿ. ಇದರಲ್ಲಿ ಒಂದೆಕರೆಯನ್ನು ಅಪ್ಪನ ಹತ್ತಿರ ಕೇಳಿಕೊಂಡು ಮಣ್ಣು ಉಳಿಸುವ ಬೇಸಾಯಕ್ಕೆ ಬಿಟ್ಟಿದ್ದೇನೆ. ಮಣ್ಣನ್ನು ಜಾಸ್ತಿ ಕೆದಕಬಾರದು, ನೆಲವನ್ನು ಬರಿದಾಗಿ ಬಿಡಬಾರದು, ಬೆಳೆ ಬದಲಿಸುತ್ತಾ ಇರಬೇಕು. ಇಷ್ಟೇ ಅದರ ತಿರುಳು.

ಕಷ್ಟ ಇರುವುದು ನಡುವಿನದರಲ್ಲಿ. ಬೆಳೆಯ ಉಳಿಕೆಯನ್ನು ಹೊಲದಲ್ಲೇ ಬಿಡಿ ಅಂತಾರೆ. ನಮ್ಮಲ್ಲಿ ಉಳಿಯೋದಾದರೂ ಏನು? ಮಾಲದಂಡಿ ಜೋಳವನ್ನು ನಾವು ಕೊಯ್ಯುವುದಿಲ್ಲ, ಬೇರುಸಮೇತ ಕೀಳುತ್ತೇವೆ. ತೆನೆ ಮನೆಗೆ, ಕಣಿಕೆ ಅಂದರೆ ಒಣಗಿದ ದಂಟು ಬಣವೆಗೆ. ಬೇಸಿಗೆಯ ಅಷ್ಟೂ ತಿಂಗಳು ದನ ಬದುಕುವುದು ಆ ಬಣವೆಯ ಮೇಲೆ. ಅದನ್ನು ತಂದು ನೆಲಕ್ಕೆ ಹಾಸು ಅಂದರೆ ಯಾವ ರೈತ ಕೇಳುತ್ತಾನೆ? ಕೇಳಲೂ ಬಾರದು. ದನದ ಬಾಯಿಯಿಂದ ಕಿತ್ತು ಮಣ್ಣಿಗೆ ಹಾಕುವ ಬೇಸಾಯ ನಮ್ಮ ಸೀಮೆಗಲ್ಲ.

ಅದಕ್ಕೇ ಹೋದ ವರ್ಷ ಒಂದು ಸಣ್ಣ ಪರೀಕ್ಷೆ ಮಾಡಿದ್ದೆ. ಕಿತ್ತ ಜೋಳದ ಒಂದು ಸೂಡು ಬಿಚ್ಚಿ, ದಂಟನ್ನು ಕತ್ತರಿಸದೆ ಹಾಗೇ ಎಮ್ಮೆಯ ಮುಂದೆ ಹಾಕಿದೆ. ಎಲೆ ತಿಂದಿತು, ಮೇಲಿನ ದಂಟು ತಿಂದಿತು. ಬೆಳಿಗ್ಗೆ ಗೋದಲಿಯಲ್ಲಿ ನೋಡಿದರೆ ಬುಡದ ಗೇಣುದ್ದದ ತುಂಡುಗಳೆಲ್ಲ ಹಾಗೇ ಬಿದ್ದಿದ್ದವು, ಬೇರಿಗೆ ಮಣ್ಣು ಅಂಟಿಕೊಂಡೇ ಇತ್ತು. ಅಪ್ಪನನ್ನು ಕರೆದು ತೋರಿಸಿದೆ. ಅವರು ಒಂದು ತುಂಡು ಕೈಗೆತ್ತಿಕೊಂಡು ತಿರುಗಿಸಿ ನೋಡಿ, "ಇದನ್ನ ಬಿಟ್ರ ದನಕ್ಕೇನೂ ಕಮ್ಮಿ ಆಗೂದಿಲ್ಲ ಬಿಡು" ಅಂದರು. ಹಾಗೆ ನನ್ನ ಎಕರೆಯಲ್ಲಿ ಜೋಳವನ್ನು ಕುಡುಗೋಲಿನಿಂದ ಒಂದು ಗೇಣು ಮೇಲಕ್ಕೆ ಕೊಯ್ದೆವು. ಬೇರು ಮತ್ತು ಕೂಳೆ ನೆಲದಲ್ಲೇ ಉಳಿದವು. ಕೂಲಿ ಸ್ವಲ್ಪ ಜಾಸ್ತಿ ಆಯಿತು. ಕೂಳೆ ಕಾಲಿಗೆ ಚುಚ್ಚುತ್ತದೆ ಅಂತ ಆಳುಗಳೂ ಬೈದರು, ಅದು ನಿಜವೇ.

ಬೇಸಿಗೆಯಲ್ಲಿ ಟ್ರ್ಯಾಕ್ಟರ್ ಹಾಯಿಸಲಿಲ್ಲ. ಮುಂಗಾರಿನಲ್ಲಿ ಮೂರ್ನಾಲ್ಕು ಸಲ ಎತ್ತು ಕಟ್ಟಿ ಹರಗುತ್ತಿದ್ದೆವು, ಅಂದರೆ ಮೇಲ್ಮಣ್ಣು ಕೆದಕುತ್ತಿದ್ದೆವು, ಅದನ್ನೂ ಬಿಟ್ಟೆ. ಸೆಪ್ಟೆಂಬರಿನ ದೊಡ್ಡ ಮಳೆ ಆದ ಮೇಲೆ ಹೋಗಿ ಒಂದು ಕೂಳೆ ಹಿಡಿದು ಎಳೆದೆ. ಬೆರಳ ನಡುವೆ ಪುಡಿಪುಡಿ ಆಯಿತು. ಅರ್ಧ ಗೆದ್ದಲು ತಿಂದಿತ್ತು, ಅರ್ಧ ಕೊಳೆತಿತ್ತು. ಬೇರು ಇದ್ದ ಕಡೆ ಪೆನ್ಸಿಲ್ ಹೋಗುವಷ್ಟು ತೂತು. ಸುತ್ತ ಮಣ್ಣು ಕಪ್ಪಗೆ, ತಂಪಗೆ ಇತ್ತು. ಪಕ್ಕದ ನಮ್ಮದೇ ಹರಗಿದ ಹೊಲದಲ್ಲಿ ಅದೇ ಮಳೆಗೆ ಮೇಲ್ಮಣ್ಣು ಹೆಪ್ಪುಗಟ್ಟಿ, ನೀರು ಒಡ್ಡಿನ ಕಡೆ ಹರಿದ ಗುರುತು ಕಾಣುತ್ತಿತ್ತು. ನನಗೆ ಅತಿ ಖುಷಿ ಕೊಟ್ಟ ದಿನ ಅದು. ಹಳೆಯ ಸಾಲುಗಳ ನಡುವೆ ಕೂರಿಗೆ ಹಿಡಿದು ಕಡಲೆ ಬಿತ್ತಿದೆವು, ಎಲ್ಲೂ ಸಿಕ್ಕಿಕೊಳ್ಳಲಿಲ್ಲ.

ಈಗ ತಪ್ಪಾದದ್ದನ್ನೂ ಬರೆಯಬೇಕು. ಏಪ್ರಿಲ್‌ನಲ್ಲಿ ಹೊಲದಲ್ಲಿ ಕುರಿ ಹಿಂಡು ತಂಗಿಸಿದ್ದೆ. ನಮ್ಮ ಕಡೆ ಕೊಯ್ಲಾದ ಮೇಲೆ ಹೊಲ ಎಲ್ಲರ ದನಕ್ಕೂ ಬಯಲು. ಬೇಲಿ ಹಾಕಿ ಊರಿನ ಜೊತೆ ಜಗಳ ಆಡುವ ಬದಲು, ಕುರಿ ಕಾಯುವ ಕಾಕಾನ ಜೊತೆ ಮಾತಾಡಿಕೊಂಡೆ. 3 ರಾತ್ರಿ ಹಿಂಡು ತಂಗಬೇಕು, ಉದುರಿದ ಎಲೆ ಅವರಿಗೆ, ಹಿಕ್ಕೆ ಮತ್ತು ಗಂಜಲ ನಮಗೆ. ಗಟ್ಟಿ ಕೂಳೆಯನ್ನು ಕುರಿ ಹೇಗೂ ಮುಟ್ಟುವುದಿಲ್ಲ. ಎರಡು ರಾತ್ರಿ ಚೆನ್ನಾಗಿ ಆಯಿತು. ಮೂರನೇ ರಾತ್ರಿ ಅಕಾಲದ ಮಳೆ ಹೊಡೆಯಿತು. ಹಸಿ ಎರೆಯಲ್ಲಿ ಕುರಿಗಳೆಲ್ಲ ಒಂದೇ ಮೂಲೆಗೆ ಒತ್ತರಿಸಿ ನಿಂತವು, ನೆಲ ಹಂಚಿನ ಹಾಗೆ ಗಟ್ಟಿಯಾಯಿತು. ಆ ಮೂಲೆಯ ಸುಮಾರು 2 ಗುಂಟೆಯಲ್ಲಿ ಕಡಲೆ ಗಿಡ ಮೊಳಕಾಲಿಗೂ ಬರಲಿಲ್ಲ. ಇನ್ನು ಮೋಡ ಕಂಡರೆ ಹಿಂಡನ್ನು ಒಡ್ಡಿನ ಆಚೆ ಹೊಡೆಯಬೇಕು ಅಂತ ಕಾಕಾನೇ ಹೇಳಿದ್ದಾರೆ.

ಕರಿಕೆ ಹುಲ್ಲೂ ಕಾಡಿತು. ಉಳುಮೆ ಬಿಟ್ಟರೆ ಒಡ್ಡಿನಿಂದ ಒಳಗೆ ಹರಿದು ಬರುತ್ತದೆ. ಗುದ್ದಲಿ ಹಿಡಿದು 4 ದಿನ ಅಗೆದೆವು.

ಇನ್ನೊಂದು ವಿಷಯದಲ್ಲಿ ನಾನು ಅಪ್ಪನ ಮಾತಿಗೆ ಒಪ್ಪಿಕೊಂಡೆ. ಬೆಳೆ ಸಾಲುಗಳ ನಡುವೆ ಮೇಲ್ಮಣ್ಣು ಕೆದಕುವ ಎಡೆಕುಂಟೆಯನ್ನೂ ನಿಲ್ಲಿಸಬೇಕು ಅಂತಿದ್ದೆ. ನಮ್ಮ ಕಡೆ ಮರಾಠಿಯಲ್ಲಿ ಒಂದು ಮಾತಿದೆ, "ಏಕ ಕೋಳಪಣಿ, ಅರ್ಧೆ ಪಾಣಿ". ಒಂದು ಸಲ ಎಡೆ ಹೊಡೆದರೆ ಅರ್ಧ ನೀರು ಹಾಯಿಸಿದ ಹಾಗೆ ಅಂತ. ಎರೆ ಒಣಗುತ್ತಾ ಬಿರುಕು ಬಿಡುತ್ತದೆ. ಆ ಬಿರುಕಿನಿಂದ ಒಳಗಿನ ಹಸಿ ಹಾರಿಹೋಗುತ್ತದೆ, ಬೇರೂ ಹರಿದು ತುಂಡಾಗುತ್ತದೆ. ಹಿಂಗಾರಿ ಬೆಳೆ ಬದುಕುವುದೇ ಮಣ್ಣೊಳಗಿನ ಹಸಿಯ ಮೇಲೆ, ಅಲ್ವಾ? 1933ರಲ್ಲಿ ಸೋಲಾಪುರ ಮತ್ತು ವಿಜಾಪುರದಲ್ಲಿ ಒಣಬೇಸಾಯದ ಸಂಶೋಧನೆ ಶುರುವಾದಾಗಿನಿಂದಲೂ ಒಡ್ಡು ಹಾಕಿ, ಸಾಲು ಅಗಲ ಬಿಡಿ, ಎಡೆ ಹೊಡೆಯಿರಿ ಅನ್ನುವುದೇ ಇಲ್ಲಿನ ಬುದ್ಧಿಮಾತು. ನಾನು ನೆಲದ ಮೇಲೆ ಬಿಟ್ಟ ಉಳಿಕೆಯ ಹಾಸು ತೆಳ್ಳಗಿದೆ, ಬಿರುಕು ಮುಚ್ಚುವಷ್ಟಿಲ್ಲ. ಹಾಗಾಗಿ ಎಡೆ ಒಂದು ಸಲ ಹೊಡೆದೆವು, ಮೇಲೆ ಮೇಲೆ, ಎರಡು ಬೆರಳಿನ ಆಳಕ್ಕೆ. ಹೊರಗಿನವರು ಇದು ಪೂರ್ತಿ ಉಳುಮೆ ಇಲ್ಲದ ಬೇಸಾಯ ಅಲ್ಲ ಅನ್ನಬಹುದು. ನಮ್ಮ ಮಣ್ಣಿಗೆ ಇದೇ ಸರಿ ಅಂತ ನನಗೆ ಅನ್ನಿಸಿದೆ.

ಲೆಕ್ಕ ಹೀಗಿದೆ. ನನ್ನ ಎಕರೆಯಲ್ಲಿ ಕಡಲೆ 4 ಚೀಲ, ಪಕ್ಕದ ಎಕರೆಯಲ್ಲಿ ನಾಲ್ಕೂಕಾಲು. ಆ ಕೆಟ್ಟ ಮೂಲೆ ಬಿಟ್ಟರೆ ಸರಿಸಮ. ಟ್ರ್ಯಾಕ್ಟರ್ ಬಾಡಿಗೆ ಪೂರ್ತಿ ಉಳಿಯಿತು, ಹರಗುವ ಎತ್ತಿನ ದುಡಿಮೆಯೂ ಉಳಿಯಿತು.

ಈ ಸೆಪ್ಟೆಂಬರಿಗೆ ಮತ್ತೆ ಮಾಲದಂಡಿ. ಕಡಲೆಯ ಹೊಟ್ಟು ಕುರಿಗೆ ಹೋಗುತ್ತದೆ, ಅದನ್ನು ನಾನು ಕೇಳುವುದಿಲ್ಲ. ನೆಲಕ್ಕೆ ಹಾಸಲು ಬೇರೆ ದಾರಿ ನೋಡಬೇಕು. ಒಡ್ಡಿನ ಮೇಲೆ ಗೊಬ್ಬರದ ಗಿಡ, ಅಂದರೆ ಗ್ಲಿರಿಸಿಡಿಯಾ ಹಚ್ಚುತ್ತೇನೆ. ವಾಸನೆಗೋ ಏನೋ, ನಮ್ಮ ದನ ಅದಕ್ಕೆ ಬಾಯಿ ಹಾಕುವುದಿಲ್ಲ, ಹಾಗಾಗಿ ಸೊಪ್ಪು ಪೂರ್ತಿ ಮಣ್ಣಿಗೇ ಸಿಗುತ್ತದೆ. 50 ಚೀಲಗಳಲ್ಲಿ ಬೀಜ ಹಾಕಿ ಎಮ್ಮೆಯ ಕೊಟ್ಟಿಗೆಯ ನೆರಳಿಗೆ ಇಟ್ಟಿದ್ದೇನೆ. ಇವತ್ತು ಬೆಳಿಗ್ಗೆ ಎಣಿಸಿದಾಗ 31 ಮೊಳಕೆ ಬಂದಿದ್ದವು.