ಉದ್ದ ಮೀಸೆಯ ಜೀರುಂಡೆ ಮತ್ತು ಸತ್ತ ಮರ

ಉದ್ದ ಮೀಸೆಯ ಜೀರುಂಡೆಯ ಫೋಟೋ ನೋಡಿದವರು ಮೊದಲು ಕೇಳುವುದು ಆ ಮೀಸೆಯ ಬಗ್ಗೆಯೇ. ಸಹಜ. ಕೆಲವು ಜಾತಿಯ ಗಂಡುಗಳಲ್ಲಿ ಮೀಸೆ ಮೈಯ ಎರಡು ಪಟ್ಟಿಗಿಂತ ಉದ್ದ ಇರುತ್ತದೆ, ಕಣ್ಣು ಅಲ್ಲಿಗೇ ಹೋಗುತ್ತದೆ ಅಲ್ವಾ? ಆದರೆ ನನಗೆ ಇದರಲ್ಲಿ ಜಾಸ್ತಿ ಇಷ್ಟವಾಗುವ ಭಾಗ ಕಣ್ಣಿಗೆ ಬೀಳುವುದೇ ಇಲ್ಲ, ಅದು ಮರದೊಳಗೆ ನಡೆಯುತ್ತದೆ.

ರೆಕ್ಕೆ ಬಂದ ಮೇಲೆ ಈ ಜೀರುಂಡೆ ಬದುಕುವುದು ಸಾಮಾನ್ಯವಾಗಿ ಕೆಲವು ವಾರ, ಇಲ್ಲವೇ ಕೆಲವು ತಿಂಗಳು. ಅಷ್ಟರಲ್ಲೇ ಜೋಡಿ ಸಿಗಬೇಕು, ಮೊಟ್ಟೆ ಇಡಲು ತಕ್ಕ ಮರ ಸಿಗಬೇಕು. ಎರಡನ್ನೂ ವಾಸನೆಯಿಂದ ಪತ್ತೆ ಹಚ್ಚಲು ಮೀಸೆ ಬೇಕು. ಇದಕ್ಕೆ ಮೊದಲಿನ ಒಂದೋ ಎರಡೋ ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು, ಅದು ಕತ್ತಲಲ್ಲಿ ಮರ ಕೊರೆಯುವ ಬಿಳಿ ಹುಳು. ಕಾಲುಗಳು ಇದ್ದರೂ ಇಲ್ಲದಷ್ಟು ಚಿಕ್ಕವು. ಸುರಂಗದ ಗೋಡೆಗೆ ಮೈ ಒತ್ತಿಕೊಂಡು ಮುಂದೆ ಸರಿಯುತ್ತದೆ, ಹಿಂದೆ ಹುಡಿ ಬಿಡುತ್ತದೆ.

ಇಷ್ಟು ನಿಧಾನ ಯಾಕೆ ಅಂದರೆ, ಮರದಲ್ಲಿ ಸತ್ವ ತುಂಬಾ ಕಡಿಮೆ. ಮರದ ನಾರಾದ ಸೆಲ್ಯುಲೋಸ್ ಬೇಕಾದಷ್ಟಿದೆ, ಮೈ ಬೆಳೆಯಲು ಬೇಕಾದ ಸಾರಜನಕ ಬಹಳ ಕಡಿಮೆ. ಆ ಸೆಲ್ಯುಲೋಸನ್ನು ಒಡೆಯುವ ಕಿಣ್ವಗಳನ್ನು ಎಷ್ಟೋ ಜಾತಿಗಳು ತಮ್ಮ ಸ್ವಂತ ಜೀನ್‌ಗಳಿಂದಲೇ ತಯಾರಿಸುತ್ತವೆ, ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳೂ ಕೈಜೋಡಿಸುತ್ತವೆ. ಒಣಮರವಾದರೆ ಇನ್ನೂ ಕಷ್ಟ. ಮನೆಯ ತೊಲೆಗಳನ್ನು ಕೊರೆಯುವ ಒಂದು ಜಾತಿಯ ಹುಳು ಬೆಳೆಯಲು ಹತ್ತು ವರ್ಷ ತೆಗೆದುಕೊಳ್ಳುವುದೂ ಉಂಟು. ಹಳೇ ಮೇಜಿನಿಂದ ಇದ್ದಕ್ಕಿದ್ದಂತೆ ಜೀರುಂಡೆ ಹೊರಬರುವುದು ಹೀಗೆಯೇ.

ಈ ಕುಟುಂಬದಲ್ಲಿ ಗುರುತಿಸಿರುವ ಜಾತಿಗಳೇ 35,000ಕ್ಕೂ ಹೆಚ್ಚು. ಕಣಜದಂತೆ ಹಳದಿ-ಕಪ್ಪು ಪಟ್ಟೆ ಹೊತ್ತವು ಇವೆ, ಹಿಡಿದರೆ ಎದೆಯ ಭಾಗಗಳನ್ನು ಉಜ್ಜಿ ಕಿರ್‌ಕಿರ್ ಅನ್ನುವವು ಇವೆ. ನನಗೆ ಅತಿ ಅಚ್ಚರಿ ತರುವುದು ಅಮೆರಿಕ ಖಂಡದ ಓನ್ಸಿಡೆರೆಸ್ ಎಂಬ ಗುಂಪು. ಇದರ ಹುಳುವಿಗೆ ರಸ ತುಂಬಿದ ಜೀವಂತ ಕೊಂಬೆ ಆಗಿಬರುವುದಿಲ್ಲ. ಹಾಗಾಗಿ ತಾಯಿ ಕೊಂಬೆಯ ಸುತ್ತ ಉಂಗುರದಂತೆ ಕಡಿಯುತ್ತದೆ, ಕಡಿದ ಜಾಗದಿಂದ ತುದಿಯ ಕಡೆಗಿರುವ ಭಾಗದಲ್ಲಿ ಮೊಟ್ಟೆ ಇಡುತ್ತದೆ, ಆಮೇಲೆ ಕೊಂಬೆ ಒಣಗಿ ಮುರಿದು ಬೀಳುತ್ತದೆ, ಮರಿಗಳಿಗೆ ಊಟ ಸಿದ್ಧ.

ಕೆಟ್ಟ ಹೆಸರು ತಂದವೂ ಇವೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಚೀನಾ ಮತ್ತು ಕೊರಿಯಾ ಮೂಲದ ಏಷ್ಯನ್ ಉದ್ದಮೀಸೆ ಜೀರುಂಡೆ ಸರಕಿನ ಮರದ ಪೆಟ್ಟಿಗೆಗಳ ಜೊತೆ ಹೊರದೇಶಗಳಿಗೆ ಹೋಯಿತು. 1996ರಲ್ಲಿ ನ್ಯೂಯಾರ್ಕ್‌ನಲ್ಲಿ ಸಿಕ್ಕಿತು. ಅದು ಆರೋಗ್ಯವಾಗಿರುವ ಮೇಪಲ್ ಮರಗಳನ್ನೂ ಬಿಡುವುದಿಲ್ಲ. ಹತೋಟಿಗಾಗಿ ಸಾವಿರಾರು ಮರ ಕಡಿಯಬೇಕಾಯಿತು. ಈಗ ದೇಶ ದಾಟುವ ಪೆಟ್ಟಿಗೆಯ ಮರವನ್ನು ಒಳಗಿನ ಹುಳು ಸಾಯುವಂತೆ ಹದಮಾಡುವ ನಿಯಮವಿದೆ. ಕಾಯಿಸುವುದಾದರೆ ತಿರುಳೂ ಸೇರಿ 56 ಡಿಗ್ರಿ ಸೆಲ್ಸಿಯಸ್ ಬಿಸಿ 30 ನಿಮಿಷ ಇರಬೇಕು. ಒಳ್ಳೆಯ ನಿಯಮ, ಸಡಿಲ ಬಿಡಬಾರದು.

ಆದರೆ ಇಂಥ ಕೆಲವನ್ನು ನೋಡಿ ಇಡೀ ಕುಟುಂಬವನ್ನೇ ಪೀಡೆ ಅನ್ನುವುದು ಅನ್ಯಾಯ. ಬಹಳಷ್ಟು ಜಾತಿಗಳು ಸತ್ತ ಅಥವಾ ಸಾಯುತ್ತಿರುವ ಮರದಲ್ಲೇ ಬದುಕುತ್ತವೆ. ಅವು ಕೊರೆದ ದಾರಿಯಲ್ಲಿ ಶಿಲೀಂಧ್ರ ಒಳಹೊಕ್ಕು ಮರ ಬೇಗ ಕೊಳೆಯುತ್ತದೆ, ಸತ್ವ ಮಣ್ಣಿಗೆ ಮರಳುತ್ತದೆ. ಬಿಟ್ಟುಹೋದ ರಂಧ್ರಗಳಲ್ಲಿ ಒಂಟಿ ಜೇನುಗಳು ಗೂಡು ಮಾಡುತ್ತವೆ. ಮರಕುಟಿಗಕ್ಕೆ ಆ ಹುಳುಗಳೇ ಊಟ. ಹಳೆಯ ಓಕ್ ಮರಗಳನ್ನೇ ನಂಬಿರುವ ದೊಡ್ಡ ಮಕರ ಜೀರುಂಡೆಯನ್ನು ಯುರೋಪಿನಲ್ಲಿ ಕಾನೂನೇ ಕಾಪಾಡುತ್ತಿದೆ, ಅಂಥ ಮರಗಳು ಅಷ್ಟು ಕಡಿಮೆಯಾಗಿವೆ.

ಅದಕ್ಕೇ ನನ್ನದೊಂದು ಮನವಿ. ಜೀವಂತ ಮರದಲ್ಲಿ ದುಂಡನೆಯ ರಂಧ್ರ, ಬುಡದಲ್ಲಿ ಹೊಸ ಹುಡಿ ಕಂಡರೆ ತಿಳಿದವರಿಗೆ ತೋರಿಸಿ. ಸತ್ತು ನಿಂತ ಮರ ಯಾರ ಮೇಲೂ ಬೀಳುವಂತಿಲ್ಲದಿದ್ದರೆ, ಬಿದ್ದ ದಿಮ್ಮಿ ದಾರಿಗೆ ಅಡ್ಡ ಇಲ್ಲದಿದ್ದರೆ, ಚೊಕ್ಕಟ ಮಾಡುವ ಹೆಸರಲ್ಲಿ ಸುಮ್ನೆ ಎತ್ತಿ ಸುಡಬೇಡಿ. ಅದರೊಳಗಿನ ಹುಳುವಿಗೆ ಇನ್ನೂ ಒಂದೆರಡು ವರ್ಷ ಬೇಕಾಗಿರಬಹುದು.